ಕಿತ್ತಳೆಯ ನಾಡಿನ ಮಕ್ಕಳ ತಟ್ಟೆ

ಕೊಡಗು ಎಂದೊಡನೆ ಹೊರಗಿನವರ ಕಣ್ಣ ಮುಂದೆ ಬರುವುದು ಕಾಫಿ, ಕಿತ್ತಳೆ, ಏಲಕ್ಕಿ, ಜೇನು. ಮನೆಯ ಹಿಂದೊಂದು ಹಲಸಿನ ಮರ, ಬೇಲಿಯಲ್ಲೊಂದು ಸೀಬೆ, ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬಾಳೆ, ಕಾಫಿ ಗಿಡಗಳ ನಡುವೆ ಅಲ್ಲಲ್ಲಿ ಕಿತ್ತಳೆ ಮತ್ತು ಬೆಣ್ಣೆಹಣ್ಣಿನ ಮರ, ಇಷ್ಟಿಲ್ಲದ ಮನೆ ಈ ಸೀಮೆಯಲ್ಲಿ ಅಪರೂಪ. ಮಳೆಗಾಲದಲ್ಲಿ ಕೆಸ ಮತ್ತು ಕಳಲೆ, ಬೇಸಿಗೆಯಲ್ಲಿ ಕಾಡುಮಾವು, ಚಳಿಗಾಲದಲ್ಲಿ ಗದ್ದೆಯ ಸೊಪ್ಪು ಮತ್ತು ಅವರೆ, ಹೀಗೆ ಪ್ರಕೃತಿಮಾತೆ ಇಲ್ಲಿ ಹನ್ನೆರಡು ತಿಂಗಳೂ ಬಡಿಸುತ್ತಲೇ ಇದ್ದಾಳೆ. ಇಂತಹ ನಾಡಿನ ಮಕ್ಕಳು ಹಣ್ಣು ತರಕಾರಿಗಳಿಂದ ವಂಚಿತರಾಗಿದ್ದಾರೆಂದು ಹೇಳಿದರೆ ಯಾರಾದರೂ ನಂಬುವರೇ?

ಆದರೆ ಶಾಲೆಗೆ ಹೊರಟ ಮಗುವಿನ ಬುತ್ತಿಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಬೇಕು. ಚಿತ್ರಾನ್ನ, ಬ್ರೆಡ್ಡು ಜಾಮು, ಇಲ್ಲವೇ ನೂಡಲ್ಸ್. ಚೀಲದ ಪಕ್ಕದ ಜೇಬಿನಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ. ಸಂಜೆ ಬಂದೊಡನೆ ಕಾಫಿ, ಬಿಸ್ಕತ್ತು. ರಾತ್ರಿ ಅನ್ನ, ಸಾರು. ಸಾರಿನಲ್ಲಿದ್ದ ತರಕಾರಿಯ ಹೋಳುಗಳು ಊಟ ಮುಗಿಯುವ ವೇಳೆಗೆ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕುಳಿತಿರುತ್ತವೆ. ತೋಟದ ಹಣ್ಣು ಲಾರಿಯೇರಿ ಬೆಂಗಳೂರಿನತ್ತ ಸಾಗುತ್ತದೆ. ಬೆಂಗಳೂರಿನ ಪೊಟ್ಟಣ ಅದೇ ದಾರಿಯಲ್ಲಿ ಹಿಂದಿರುಗಿ ಮಗುವಿನ ಕೈ ಸೇರುತ್ತದೆ. ಈ ವ್ಯಾಪಾರದಲ್ಲಿ ಲಾಭ ಯಾರದು, ನಷ್ಟ ಯಾರದು ಎಂಬುದನ್ನು ಪ್ರತಿಯೊಂದು ಕುಟುಂಬವೂ ಕುಳಿತು ವಿಚಾರ ಮಾಡಬೇಕಾಗಿದೆ.

ಒಂದು ಹಣ್ಣಿನ ಕಥೆ

ಕಿತ್ತಳೆಯ ಹಿರಿಮೆಯನ್ನು ಜಗತ್ತು ಅರಿತದ್ದು ಕಡಲಿನ ಮೇಲೆ. ತಿಂಗಳುಗಟ್ಟಲೆ ಹಡಗಿನಲ್ಲಿ ಒಣ ರೊಟ್ಟಿ, ಉಪ್ಪು ಹಾಕಿದ ಮಾಂಸ ತಿಂದು ಬದುಕುತ್ತಿದ್ದ ನಾವಿಕರಿಗೆ ವಸಡು ಊದಿ ರಕ್ತ ಸೋರುವ, ಕೈಕಾಲು ಸೋಲುವ ಸ್ಕರ್ವಿ ಎಂಬ ವ್ಯಾಧಿ ಬರುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಪದಾರ್ಥ ಕೊಟ್ಟು ನೋಡಿದನು. ದಿನವೂ ಎರಡು ಕಿತ್ತಳೆ ಮತ್ತು ಒಂದು ನಿಂಬೆಹಣ್ಣು ಪಡೆದ ಜೋಡಿ ಒಂದೇ ವಾರದೊಳಗೆ ಚೇತರಿಸಿಕೊಂಡಿತು. ಇಷ್ಟು ಸ್ಪಷ್ಟವಾಗಿ ಕಂಡ ಸತ್ಯವನ್ನು ಬ್ರಿಟಿಷ್ ನೌಕಾಪಡೆ ಒಪ್ಪಿ ನಾವಿಕರಿಗೆ ನಿಂಬೆರಸ ಹಂಚಲು 1795ರವರೆಗೆ ಕಾಯಬೇಕಾಯಿತು. ಕಂಡ ಸತ್ಯ ತಟ್ಟೆಯವರೆಗೆ ಬರಲು ತಡವಾಗುವುದು ಅಂದಿನ ಮಾತು ಮಾತ್ರವಲ್ಲ.

ಹಸಿರು ಬೆರೆತ ಹಳದಿ ಸಿಪ್ಪೆಯ, ಹುಳಿ ಸಿಹಿ ಸಮವಾಗಿ ಕೂಡಿದ ಕೊಡಗಿನ ಕಿತ್ತಳೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಆ ಮಾನ್ಯತೆ ಬರುವ ವೇಳೆಗೆ ತೋಟಗಳಲ್ಲಿ ಕಿತ್ತಳೆ ಮರಗಳು ವಿರಳವಾಗತೊಡಗಿದ್ದವು. ಬೇರುಕೊಳೆ, ಎಲೆ ಹಳದಿಯಾಗಿ ರೆಂಬೆ ಒಣಗುವ ಗ್ರೀನಿಂಗ್ ರೋಗ, ಹಣ್ಣುನೊಣದ ಕಾಟ, ಕಾಳುಮೆಣಸಿನ ಬೆಲೆಯ ಆಕರ್ಷಣೆ ಇವೆಲ್ಲ ಸೇರಿ ಅಜ್ಜಂದಿರ ಕಾಲದ ಕಿತ್ತಳೆ ತೋಟಗಳು ನೆನಪಿಗೆ ಸರಿದವು. ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಕಿತ್ತಳೆಯನ್ನು ಉಳಿಸುವ ಯತ್ನದೊಡನೆ ಬೆಣ್ಣೆಹಣ್ಣು, ರಾಂಬುಟಾನ್, ಪ್ಯಾಷನ್ ಹಣ್ಣು ಮೊದಲಾದ ಬೆಳೆಗಳ ಮೇಲೂ ಕೆಲಸ ಮಾಡುತ್ತ ಬಂದಿದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವೂ ರೈತರಿಗೆ ಮಾರ್ಗದರ್ಶನ ನೀಡುತ್ತಿದೆ. ಹೊಸ ಹಣ್ಣುಗಳು ಬಂದವು, ಬೆಲೆಯೂ ಬಂದಿತು. ಆದರೆ ಮಾರುವುದಕ್ಕೆ ಬೆಳೆದ ಹಣ್ಣನ್ನು ಮನೆಯ ಮಕ್ಕಳಿಗೆ ಕೊಡುವ ಅಭ್ಯಾಸ ಮಾತ್ರ ಜೊತೆಗೆ ಬರಲಿಲ್ಲ. ಚೊಕ್ಕ ಹಣ್ಣು ವ್ಯಾಪಾರಿಗೆ, ಗಾಯವಾದುದು ಮನೆಗೆ ಎಂಬ ಲೆಕ್ಕಾಚಾರದಲ್ಲಿ ಬೆಳೆದ ಮಗು ಹಣ್ಣನ್ನು ಹಣವೆಂದು ತಿಳಿಯುತ್ತದೆಯೇ ಹೊರತು ಆಹಾರವೆಂದು ತಿಳಿಯುವುದಿಲ್ಲ.

ಎಷ್ಟು ಬೇಕು? ಏಕೆ ಬೇಕು?

ಆರರಿಂದ ಒಂಬತ್ತು ವಯಸ್ಸಿನ ಮಗುವಿಗೆ ದಿನಕ್ಕೆ ಕನಿಷ್ಠ 350 ಗ್ರಾಂ, ಹತ್ತು ವರ್ಷ ಮೀರಿದವರಿಗೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನೆರೆಯ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಚಿಕ್ಕದಾಗಿ ಆರಂಭವಾಗಿ, ಮುಂದೆ ಹೈದರಾಬಾದಿಗೆ ಹೋಗಿ ಬೆಳೆದ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣನ್ನು ಸೂಚಿಸಿದೆ. ಗ್ರಾಂ ಲೆಕ್ಕ ಅಡುಗೆಮನೆಯಲ್ಲಿ ನಡೆಯದು. ಸರಳವಾಗಿ ಹೇಳುವುದಾದರೆ, ಮೂರನೆಯ ತರಗತಿಯ ಮಗುವಿಗೆ ದಿನದಲ್ಲಿ ಒಂದು ದೊಡ್ಡ ಬಾಳೆಹಣ್ಣು ಅಥವಾ ಒಂದು ಸೀಬೆ, ಒಂದು ಬಟ್ಟಲು ಪಲ್ಯ, ಸಾರಿನೊಳಗಿನ ಒಂದು ಹಿಡಿ ಸೊಪ್ಪು ಅಥವಾ ಹೋಳು, ಜೊತೆಗೆ ನಾಲ್ಕು ಚೂರು ಸೌತೆ ಅಥವಾ ಕ್ಯಾರೆಟ್ ಸಿಕ್ಕರೆ ಬಹುಮಟ್ಟಿಗೆ ಸಾಕು. ಒಂದು ಮಾತು ನೆನಪಿರಲಿ. ಆಲೂಗೆಡ್ಡೆ, ಮರಗೆಣಸು, ಸಿಹಿಗೆಣಸುಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ಅನ್ನದ ಪಂಕ್ತಿಗೆ ಸೇರಿದವು. ಆಲೂಗೆಡ್ಡೆ ಪಲ್ಯ ಬಡಿಸಿ ತರಕಾರಿ ತಿನ್ನಿಸಿದೆವೆಂದು ಸಮಾಧಾನಪಡುವ ತಾಯಂದಿರು ಇದನ್ನು ಗಮನಿಸಬೇಕು.

ಇವುಗಳಿಂದ ಆಗುವ ಪ್ರಯೋಜನಗಳಲ್ಲಿ ಬಹು ಮುಖ್ಯವಾದುದು ರಕ್ತಹೀನತೆಯ ತಡೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಈ ಕೊರತೆಯೊಂದಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಗು ಬೇಗ ಆಯಾಸಗೊಳ್ಳುತ್ತದೆ, ಪಾಠದಲ್ಲಿ ಮನಸ್ಸಿಡಲಾರದೆ ಹೋಗುತ್ತದೆ. ‘ಮಗು ಮಂಕಾಗಿದೆ, ಓದಿನಲ್ಲಿ ಹಿಂದೆ’ ಎಂದು ದೂರುವ ಮುನ್ನ ಅದರ ಕಣ್ಣಿನ ಕೆಳರೆಪ್ಪೆಯ ಬಣ್ಣ ನೋಡಿ, ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸುವುದು ಒಳಿತು. ಹತ್ತು ಹನ್ನೆರಡು ವಯಸ್ಸು ದಾಟಿದ ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ.

ಸಸ್ಯಾಹಾರಿ ಮನೆಯ ಕೊರತೆ

ಇಲ್ಲಿ ನಮ್ಮ ಸಮಾಜದ ಮನೆಗಳು ವಿಶೇಷವಾಗಿ ವಿಚಾರಿಸಬೇಕಾದ ಸಂಗತಿಯೊಂದಿದೆ. ನಾವು ಸಸ್ಯಾಹಾರಿಗಳೆಂದು ಹೆಮ್ಮೆಪಡುತ್ತೇವೆ. ಆದರೆ ಸಸ್ಯಾಹಾರಿಯಾದ ಮನೆಯೆಲ್ಲ ತರಕಾರಿ ತಿನ್ನುವ ಮನೆಯಾಗಿರಬೇಕೆಂದೇನೂ ಇಲ್ಲ. ಬೆಳಿಗ್ಗೆ ಅಕ್ಕಿಯ ತಿಂಡಿ, ಮಧ್ಯಾಹ್ನ ಅಕ್ಕಿಯ ಅನ್ನ, ರಾತ್ರಿ ಮತ್ತೆ ಅಕ್ಕಿಯ ಅನ್ನ, ನಡುವೆ ಮೈದಾ ಬಿಸ್ಕತ್ತು ತಿಂದವನೂ ಸಸ್ಯಾಹಾರಿಯೇ. ಮಾಂಸದಿಂದ ದೊರೆಯುವ ಕಬ್ಬಿಣಾಂಶ ಸುಲಭವಾಗಿ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶಕ್ಕೆ ಆ ಸೌಲಭ್ಯವಿಲ್ಲ. ಅದಕ್ಕೆ ಸಿ ಜೀವಸತ್ವದ ಸಹಾಯ ಬೇಕು. ಸೊಪ್ಪಿನ ಪಲ್ಯದ ಮೇಲೆ ಒಂದಿಷ್ಟು ನಿಂಬೆರಸ ಹಿಂಡುವುದು, ಊಟದೊಡನೆ ನೆಲ್ಲಿಕಾಯಿ ಚಟ್ನಿ, ಊಟದ ಬಳಿಕ ಸೀಬೆಯ ನಾಲ್ಕು ಹೋಳು, ಇಷ್ಟು ಮಾಡಿದರೆ ಅದೇ ಸೊಪ್ಪು ಹೆಚ್ಚಿನ ಫಲ ಕೊಡುತ್ತದೆ. ಬೇಲಿಯ ಮೇಲೆ ಪುಕ್ಕಟೆ ಸಿಗುವ ಸೀಬೆಯಲ್ಲಿ ಕಿತ್ತಳೆಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಸಿ ಜೀವಸತ್ವವಿದೆ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಇದಕ್ಕೆ ಅಡ್ಡಗಾಲಾಗಿ ನಿಲ್ಲುವುದು ನಮ್ಮ ಪ್ರೀತಿಯ ಕಾಫಿ ಮತ್ತು ಚಹಾ. ಊಟ ತಿಂಡಿಯ ಜೊತೆಗೇ ಇವನ್ನು ಕುಡಿದರೆ ಕಬ್ಬಿಣಾಂಶ ರಕ್ತಕ್ಕೆ ಸೇರುವುದು ಬಹಳಷ್ಟು ಕಡಿಮೆಯಾಗುತ್ತದೆ. ಕಾಫಿಯ ನಾಡಿನಲ್ಲಿ ಐದು ವರ್ಷದ ಮಗುವಿಗೂ ಬೆಲ್ಲದ ಕಾಫಿಯ ಲೋಟ ಕೊಡುವುದು ಮನೆಮನೆಯ ರೂಢಿ. ಮಕ್ಕಳಿಗೆ ಕಾಫಿ ಕೊಡದಿರುವುದೇ ಸರಿ. ದೊಡ್ಡವರು ಸಹ ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿಡಬೇಕು. ಪಪ್ಪಾಯಿ, ಸಿಹಿಗುಂಬಳ, ಕ್ಯಾರೆಟ್, ನುಗ್ಗೆಸೊಪ್ಪುಗಳಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲಾಂಶವಿದೆ. ಅದು ದೇಹಕ್ಕೆ ಹಿಡಿಯಲು ಸ್ವಲ್ಪ ಜಿಡ್ಡು ಅಗತ್ಯವಾದುದರಿಂದ ಅಜ್ಜಿಯರು ಪಲ್ಯಕ್ಕೆ ಹಾಕುತ್ತಿದ್ದ ಒಗ್ಗರಣೆ, ಮೇಲೆ ತುರಿದ ಕಾಯಿ, ಬಡಿಸುವಾಗ ಹಾಕುತ್ತಿದ್ದ ಒಂದು ಮಿಳ್ಳೆ ತುಪ್ಪ ವಿಜ್ಞಾನಕ್ಕೂ ಒಪ್ಪಿತವಾದುದೇ.

ಅಕ್ಷರದೊಡನೆ ದಾಸೋಹ

ಹಸಿದವರಿಗೆ ಅನ್ನವಿಕ್ಕುವುದನ್ನು ಪೂಜೆಯ ಮಟ್ಟಕ್ಕೆ ಏರಿಸಿದವರು ಹನ್ನೆರಡನೆಯ ಶತಮಾನದ ಶರಣರು. ಅವರು ಬಳಕೆಗೆ ತಂದ ದಾಸೋಹ ಎಂಬ ಶಬ್ದವನ್ನೇ ಕರ್ನಾಟಕ ಸರ್ಕಾರ ತನ್ನ ಶಾಲಾ ಬಿಸಿಯೂಟದ ಯೋಜನೆಗೆ ಇರಿಸಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ, ಹಾಗೆಯೇ ಕೊಡಗಿಗೂ ಬಂದಿತು. ಮಠಗಳಲ್ಲಿ ನಿತ್ಯ ದಾಸೋಹ ಕಂಡ ನಮಗೆ ಇದು ಹೊಸದಲ್ಲ. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ, ವಸತಿ ನೀಡಿದ ದಾಸೋಹಕ್ಕೆ ಸುತ್ತಣ ಹಳ್ಳಿಗಳ ಭಕ್ತರು ತಾವು ಬೆಳೆದ ಕಾಳು, ಕಾಯಿಪಲ್ಯಗಳನ್ನು ತಂದೊಪ್ಪಿಸುತ್ತಿದ್ದುದು ನಾಡಿಗೆಲ್ಲ ತಿಳಿದ ವಿಷಯ.

ಸರ್ಕಾರದ ನಿಯಮದಂತೆ ಒಂದರಿಂದ ಐದನೆಯ ತರಗತಿಯ ಮಗುವಿನ ಮಧ್ಯಾಹ್ನದ ಊಟದಲ್ಲಿ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಇರಬೇಕು. ಆರರಿಂದ ಎಂಟನೆಯ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಧಾನ್ಯವನ್ನು ಸರ್ಕಾರವೇ ಒದಗಿಸುತ್ತದೆ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಉರುವಲು ಇವೆಲ್ಲಕ್ಕೂ ಸೇರಿ 2025ರ ಮೇ 1ರಿಂದ ಜಾರಿಗೆ ಬಂದ ರಾಷ್ಟ್ರೀಯ ದರ ದಿನಕ್ಕೆ ಒಂದು ಮಗುವಿಗೆ ಮೊದಲ ಹಂತದಲ್ಲಿ 6 ರೂಪಾಯಿ 78 ಪೈಸೆ, ಎರಡನೆಯ ಹಂತದಲ್ಲಿ 10 ರೂಪಾಯಿ 17 ಪೈಸೆ. ಟೊಮ್ಯಾಟೊ, ಬೀನ್ಸ್ ಬೆಲೆ ಗಗನಕ್ಕೇರಿದ ವಾರಗಳಲ್ಲಿ ಈ ಮೊತ್ತದಲ್ಲಿ ಐವತ್ತು ಗ್ರಾಂ ತರಕಾರಿ ತುಂಬಿಸುವುದು ಅಡುಗೆಯ ತಾಯಂದಿರಿಗೆ ಎಷ್ಟು ಕಷ್ಟವೆಂಬುದನ್ನು ಸಂತೆಗೆ ಹೋಗುವವರು ಊಹಿಸಬಲ್ಲರು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರದ ಆರು ದಿನವೂ ಮಕ್ಕಳಿಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡಾಗಿದೆ. ಶಾಲೆಯಲ್ಲಿ ದಿನವೂ ಒಂದು ಹಣ್ಣು ಕಾಣದಿದ್ದ ಎಷ್ಟೋ ಮಕ್ಕಳಿಗೆ ಇದು ದೊಡ್ಡ ಸಂಗತಿಯೇ.

ಆಶ್ಚರ್ಯವೆಂದರೆ, ಕಾಫಿ ತೋಟದ ಲೈನುಮನೆಯಿಂದ ನಡೆದು ಬರುವ ಕೂಲಿಕಾರರ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಇಷ್ಟಾದರೂ ತರಕಾರಿ ನಿಯಮದ ಪ್ರಕಾರ ದೊರೆಯಬೇಕೆಂದಿದೆ. ಅದೇ ತೋಟದ ಯಜಮಾನರ ಮಗು ಹಳದಿ ಬಸ್ಸಿನಲ್ಲಿ ಹೋಗುವ ಖಾಸಗಿ ಶಾಲೆಯಲ್ಲಿ ಅದರ ಡಬ್ಬಿಗೆ ಯಾವ ನಿಯಮವೂ ಇಲ್ಲ. ಅಲ್ಲಿ ತಾಯಿಯ ವಿವೇಕವೇ ನಿಯಮ. ಬೆಳಗಿನ ಏಳು ಗಂಟೆಗೆ ಬಸ್ಸು ಬರುವ ಗಡಿಬಿಡಿಯಲ್ಲಿ ಆ ವಿವೇಕಕ್ಕೆ ಕಾಲಾವಕಾಶ ಸಾಲದು. ಆದುದರಿಂದ ರಾತ್ರಿಯೇ ತರಕಾರಿ ಹೆಚ್ಚಿಟ್ಟುಕೊಳ್ಳುವುದು, ರೊಟ್ಟಿಯ ಹಿಟ್ಟಿಗೆ ನುಗ್ಗೆಸೊಪ್ಪು ಇಲ್ಲವೇ ತುರಿದ ಸೌತೆ ಬೆರೆಸುವುದು, ಡಬ್ಬಿಯ ಚಿಕ್ಕ ಖಾನೆಯನ್ನು ಹಣ್ಣಿಗೆಂದೇ ಮೀಸಲಿಡುವುದು ಮುಂತಾದ ಸಣ್ಣ ಏರ್ಪಾಡುಗಳು ದೊಡ್ಡ ಉಪಕಾರ ಮಾಡುತ್ತವೆ. ಈ ಹೊರೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸದೆ ತಂದೆಯೂ ಈಳಿಗೆಮಣೆಯ ಮುಂದೆ ಕುಳಿತರೆ ಮಕ್ಕಳು ನೋಡಿ ಕಲಿಯುತ್ತಾರೆ.

ಶಾಲೆಯ ಕೈತೋಟ

ಶಾಲೆಗಳಲ್ಲಿ ಪೌಷ್ಟಿಕ ತೋಟ ಬೆಳೆಸುವ ಕುರಿತು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ತಾನೇ ಬೀಜ ಬಿತ್ತಿ, ನೀರೆರೆದು, ಕಾಯಿ ಬಿಡುವುದನ್ನು ದಿನದಿನವೂ ಕಾದು ನೋಡಿದ ಬೀನ್ಸನ್ನು ಮಗು ತಟ್ಟೆಯಲ್ಲಿ ದೂರ ತಳ್ಳುವುದಿಲ್ಲ. ಆದರೆ ಬಯಲುಸೀಮೆಗೆ ಹೊಂದುವ ಪಂಚಾಂಗ ಕೊಡಗಿಗೆ ಹೊಂದದು. ಜೂನ್‌ನಲ್ಲಿ ಶಾಲೆ ತೆರೆದ ಉತ್ಸಾಹದಲ್ಲಿ ಟೊಮ್ಯಾಟೊ, ಕೊತ್ತಂಬರಿ ಬಿತ್ತಿದರೆ ಆಷಾಢದ ಮಳೆಗೆ ಎಲ್ಲವೂ ಕೊಳೆತು ಹೋಗುತ್ತವೆ. ಮಕ್ಕಳ ಉತ್ಸಾಹವೂ ಜೊತೆಗೇ ಕೊಳೆಯುತ್ತದೆ.

ಇಲ್ಲಿನ ಕ್ರಮವೇ ಬೇರೆ. ಮಳೆಗಾಲದ ಆರಂಭದಲ್ಲಿ ನೀರು ನಿಲ್ಲದ ಎತ್ತರದ ಜಾಗದಲ್ಲಿ ಬಾಳೆಯ ಕಂದು, ಪಪ್ಪಾಯಿ, ಸೀಬೆ, ನಿಂಬೆ, ಕರಿಬೇವಿನ ಸಸಿಗಳನ್ನು ನೆಡಬೇಕು. ಮಳೆಯನ್ನು ಸಹಿಸುವ ಕೆಸ ಮತ್ತು ಚಪ್ಪರಕ್ಕೆ ಹಬ್ಬುವ ಸೀಮೆಬದನೆಗೆ ಅದೇ ಕಾಲ. ಸೀಮೆಬದನೆಯ ಒಂದು ಬಳ್ಳಿ ನೆಲೆಯೂರಿದರೆ ಒಂದು ಚಿಕ್ಕ ಶಾಲೆಯ ಸಾಂಬಾರಿಗೆ ವಾರವಾರವೂ ಕಾಯಿ ಕೊಡುತ್ತದೆ. ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆಗೆದ ಮೇಲೆ ಏರುಮಡಿ ಮಾಡಿ ಬೀನ್ಸ್, ಮೂಲಂಗಿ, ನವಿಲುಕೋಸು, ಕ್ಯಾರೆಟ್, ದಂಟು, ಮೆಂತ್ಯ ಬಿತ್ತಿದರೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಬಿಸಿಯೂಟಕ್ಕೆ ತಾಜಾ ತರಕಾರಿ. ಮಳೆ ಕಡಿಮೆಯಿರುವ ಕುಶಾಲನಗರ, ಶನಿವಾರಸಂತೆ, ಕೊಡ್ಲಿಪೇಟೆಯ ಕಡೆ ಇದನ್ನು ಇನ್ನೂ ಬೇಗ ಆರಂಭಿಸಬಹುದು. ಚಕ್ರಮುನಿ ಸೊಪ್ಪಿನ ಗಿಡವನ್ನು ಬೇಲಿಯ ಸಾಲಾಗಿ ನೆಟ್ಟರೆ ಕಿತ್ತಷ್ಟೂ ಚಿಗುರುತ್ತದೆ. ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನು ಮಾರ್ಚಿಯಲ್ಲೇ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನಿಶ್ಚಯಿಸಿಕೊಳ್ಳಬೇಕು.

ಕೊಡಗಿಗೇ ವಿಶಿಷ್ಟವಾದ ಇನ್ನೊಂದು ತೊಡಕು ಕಾಡುಪ್ರಾಣಿಗಳದು. ಕೋತಿಗಳು ಬಂದರೆ ಸೀಬೆ, ಪಪ್ಪಾಯಿ ಉಳಿಯುವುದಿಲ್ಲ. ಹಲಸಿನ ವಾಸನೆಗೆ ಆನೆ ಬರುತ್ತದೆಂಬ ಭಯದಿಂದ ಎಳೆಯ ಕಾಯಿಗಳನ್ನೇ ಕಡಿದು ಕೆಡಹುವ ತೋಟಗಳು ಎಷ್ಟೋ ಇವೆ. ಕಡಿದ ಎಳೆಯ ಹಲಸು ಮಣ್ಣುಪಾಲಾಗದೆ ಅಡುಗೆಮನೆಗೆ ಬಂದರೆ ರುಚಿಯಾದ ಪಲ್ಯವಾಗುತ್ತದೆ. ಊರಿನ ಶಾಲೆಗೆ ಒಪ್ಪಿಸಿದರೆ ನೂರು ಮಕ್ಕಳ ಒಂದು ಹೊತ್ತಿನ ತರಕಾರಿಯಾಗುತ್ತದೆ. ಆನೆಯ ಹಾದಿಯಲ್ಲಿರುವ ಶಾಲೆಗಳು ಬಾಳೆ, ಹಲಸುಗಳನ್ನು ಬಿಟ್ಟು ಸೊಪ್ಪು, ಬೀನ್ಸ್, ಮೂಲಂಗಿಗಳನ್ನಷ್ಟೇ ಬೆಳೆಯುವುದು ಸುರಕ್ಷಿತ.

ಮಗು ಬೇಡವೆಂದಾಗ

‘ನಮ್ಮ ಮಗು ತರಕಾರಿ ಮುಟ್ಟುವುದೇ ಇಲ್ಲ’ ಎಂಬುದು ಎಲ್ಲ ತಾಯಂದಿರ ದೂರು. ಇದು ಮಗುವಿನ ಹಟಮಾರಿತನ ಮಾತ್ರವಲ್ಲ. ಹುಟ್ಟಿನಿಂದಲೇ ಮಗುವಿಗೆ ಸಿಹಿ ಇಷ್ಟ, ಕಹಿ ಅನಿಷ್ಟ. ಎರಡರಿಂದ ಆರು ವರ್ಷದವರೆಗೆ ಹೊಸ ಪದಾರ್ಥವನ್ನು ಸಂಶಯದಿಂದ ನೋಡುವುದು ಬಹುತೇಕ ಮಕ್ಕಳ ಸ್ವಭಾವ. ಒಂದು ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಬೇಕಾದರೆ ಎಂಟು ಹತ್ತು ಬಾರಿ, ಕೆಲವೊಮ್ಮೆ ಹದಿನೈದು ಬಾರಿಯಾದರೂ ಅದರ ರುಚಿ ನೋಡಬೇಕಾಗುತ್ತದೆ ಎಂದು ಮಕ್ಕಳ ಆಹಾರವನ್ನು ಅಭ್ಯಾಸ ಮಾಡಿದ ವಿದ್ವಾಂಸರು ಹೇಳುತ್ತಾರೆ. ನಾವು ಮಾಡುವುದೇನು? ಎರಡು ಬಾರಿ ಬಡಿಸಿ, ಮೂರನೆಯ ಬಾರಿಗೆ ಕೈಬಿಡುತ್ತೇವೆ.

ಬೈದು ಬಡಿದು ತಿನ್ನಿಸಿದರೆ ಆ ತರಕಾರಿಯ ಮೇಲೆ ದ್ವೇಷ ಬೆಳೆಯುತ್ತದೆ. ‘ಪಲ್ಯ ತಿಂದರೆ ಚಾಕೊಲೇಟು’ ಎಂದು ಆಸೆ ತೋರಿಸಿದರೆ ಪಲ್ಯವು ಶಿಕ್ಷೆ, ಚಾಕೊಲೇಟು ಬಹುಮಾನ ಎಂಬ ಪಾಠವನ್ನು ಮಗು ಕಲಿಯುತ್ತದೆ. ಇವೆರಡರ ನಡುವಣ ದಾರಿ ಪ್ರಸಾದ ಭಾವನೆಯಲ್ಲಿದೆ ಎಂದು ನಮಗೆ ತೋರುತ್ತದೆ. ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡು, ತಟ್ಟೆ ತೊಳೆದ ನೀರನ್ನೂ ಸ್ವೀಕರಿಸುತ್ತಿದ್ದ ಹಿರಿಯರು ನಮ್ಮ ಮನೆಗಳಲ್ಲಿ ಇದ್ದರು. ಆ ಸಂಸ್ಕಾರವನ್ನು ಮಕ್ಕಳಿಗೆ ಕಲಿಸಬೇಕಾದುದು ಸರಿಯೇ. ಆದರೆ ರಾಶಿ ಬಡಿಸಿ ‘ಎಲ್ಲ ಮುಗಿಸು’ ಎಂದು ಗದರಿಸುವುದು ಪ್ರಸಾದವನ್ನು ದಂಡನೆಯಾಗಿಸುತ್ತದೆ. ಒಂದು ಚಮಚ ಪಲ್ಯ ಮಾತ್ರ ಬಡಿಸಿ, ‘ಇಷ್ಟನ್ನು ಪ್ರಸಾದವೆಂದು ರುಚಿ ನೋಡು, ಬೇಕಾದರೆ ಮತ್ತೆ ಕೇಳು’ ಎನ್ನಬೇಕು. ಚೆಲ್ಲುವುದೂ ಇಲ್ಲ, ಬಲವಂತವೂ ಇಲ್ಲ. ಇಂದು ಒಂದು ಚಮಚ ತಿಂದ ಮಗು ತಿಂಗಳೊಳಗೆ ಎರಡು ಚಮಚ ಕೇಳುತ್ತದೆ.

ಇನ್ನೂ ಕೆಲವು ಉಪಾಯಗಳು ಅನುಭವದಿಂದ ಸಿದ್ಧವಾದವು. ಇಡೀ ಹಣ್ಣಿಗಿಂತ ಹೋಳು ಮಾಡಿಟ್ಟ ಹಣ್ಣು ಬೇಗ ಖಾಲಿಯಾಗುತ್ತದೆ. ಶಾಲೆಯಿಂದ ಹಸಿದು ಬಂದ ಗಳಿಗೆಯಲ್ಲಿ ಮೇಜಿನ ಮೇಲೆ ಮೊದಲು ಕಾಣುವುದು ಹಣ್ಣಿನ ತಟ್ಟೆಯಾಗಿರಲಿ, ಬಿಸ್ಕತ್ತಿನ ಡಬ್ಬ ಕಣ್ಣಿಗೆ ಬೀಳದಂತಿರಲಿ. ಸೋಮವಾರಪೇಟೆಯ ಸೋಮವಾರದ ಸಂತೆಗೆ, ಶನಿವಾರಸಂತೆಯ ಶನಿವಾರದ ಸಂತೆಗೆ ಮಕ್ಕಳನ್ನೂ ಕರೆದೊಯ್ದು, ಈ ವಾರದ ಒಂದು ತರಕಾರಿಯನ್ನು ನೀನೇ ಆರಿಸು ಎಂದು ಕೈಗೆ ಚೀಲ ಕೊಡಬೇಕು. ತಾನು ಆರಿಸಿದ್ದನ್ನು ಅದು ತಿಂದು ತೋರಿಸುತ್ತದೆ. ಅವರೆ ಬಿಡಿಸುವುದು, ಸೊಪ್ಪು ಸೋಸುವುದು, ಬಟಾಣಿ ಸುಲಿಯುವುದು ಮಕ್ಕಳಿಗೆ ಆಟವೇ. ಎಲ್ಲಕ್ಕಿಂತ ಮುಖ್ಯವಾದುದು ದೊಡ್ಡವರ ತಟ್ಟೆ. ಹಾಗಲಕಾಯಿ ಕಂಡು ಮುಖ ಸಿಂಡರಿಸುವ ತಂದೆಯ ಮಗ ಹಾಗಲಕಾಯಿ ತಿನ್ನುವುದು ಎಲ್ಲಿಂದ ಬರಬೇಕು?

ಮಕ್ಕಳಿಗೆ ಹಣ್ಣು ತಿನ್ನಿಸುವುದು ಹೊರದೇಶಗಳಲ್ಲೂ ಚಿಂತೆಯ ವಿಷಯವೇ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಶಾಲೆಯಿರುವ ಪ್ರತಿದಿನ ಒಂದು ಹಣ್ಣು ಅಥವಾ ತರಕಾರಿಯನ್ನು ಸರ್ಕಾರವೇ ಹಂಚುತ್ತದೆ. ಜಪಾನ್ 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಒಂದು ಕಾನೂನು ಮಾಡಿತು. ಅಲ್ಲಿ ಮಕ್ಕಳೇ ಸರದಿಯಂತೆ ಮೇಲಂಗಿ ತೊಟ್ಟು ತರಗತಿಯ ಗೆಳೆಯರಿಗೆ ಬಡಿಸುತ್ತಾರೆ. ಗುರುಗಳೂ ಅವರೊಡನೆ ಕುಳಿತು ಅದನ್ನೇ ಉಣ್ಣುತ್ತಾರೆ. ಮಠದ ಪಂಕ್ತಿಯಲ್ಲಿ ಬಡಿಸಿ ಬೆಳೆದ ನಮ್ಮವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಎಚ್ಚರಿಕೆಯ ನಾಲ್ಕು ಮಾತು

ತೋಟ ಕಾಡುಗಳಲ್ಲಿ ಮಕ್ಕಳು ಹಣ್ಣು ಹುಡುಕಿ ತಿನ್ನುವುದು ಸಹಜವಾದರೂ ಕೆಲವು ವಿಷಯಗಳಲ್ಲಿ ಜಾಗ್ರತೆ ಬೇಕು. 2018ರಲ್ಲಿ ನೆರೆಯ ಕೇರಳದ ಕೋಯಿಕ್ಕೋಡ್ ಸೀಮೆಯಲ್ಲಿ ನಿಪಾ ಜ್ವರ ಕಾಣಿಸಿಕೊಂಡಂದಿನಿಂದ ಬಾವಲಿ ಕಚ್ಚಿದ ಹಣ್ಣನ್ನು ಮುಟ್ಟಬಾರದೆಂದು ವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ. ಉದುರಿ ಬಿದ್ದ, ಹಲ್ಲಿನ ಗುರುತುಳ್ಳ ಸೀಬೆ ಮಾವುಗಳನ್ನು ತಿನ್ನದಂತೆ ಮಕ್ಕಳಿಗೆ ತಿಳಿಹೇಳಬೇಕು. ಕಳಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಿದ ಮೇಲೆಯೇ ಬಳಸಬೇಕು. ಕೆಸವನ್ನು ಹುಳಿ ಹಾಕಿ ಪೂರ್ತಿ ಬೇಯಿಸದಿದ್ದರೆ ಗಂಟಲು ತುರಿಸಿ, ಮಗು ಜನ್ಮದಲ್ಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಗುರುತಿಲ್ಲದ ಅಣಬೆ ಎಂದಿಗೂ ಬೇಡ. ಅಂಗಡಿಯ ತರಕಾರಿಗೆ ಔಷಧಿ ಸಿಂಪಡಿಸಿರುವ ಸಂಭವವಿರುವುದರಿಂದ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದೇ ಉಪಯೋಗಿಸಬೇಕು. ಹಣ್ಣಿನ ರಸಕ್ಕಿಂತ ಹಣ್ಣೇ ಮೇಲು. ರಸ ಹಿಂಡಿ ಸಕ್ಕರೆ ಬೆರೆಸಿದರೆ ನಾರು ಹೋಗಿ ಸಿಹಿ ಮಾತ್ರ ಉಳಿಯುತ್ತದೆ.

ನಮ್ಮಿಂದ ಆಗಬಹುದಾದುದು

ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಎಂಬವರಿಗೆ 2020ರ ಪದ್ಮಶ್ರೀ ಪುರಸ್ಕಾರ ಸಂದುದನ್ನು ಎಲ್ಲರೂ ಬಲ್ಲರು. ಹಣ್ಣಿನ ಬೆಲೆ ಕೇಳಿದ ವಿದೇಶೀಯರಿಗೆ ಉತ್ತರಿಸಲಾರದೆ ನೊಂದ ಆ ಅನಕ್ಷರಸ್ಥರು, ತಮ್ಮೂರಿನ ಮಕ್ಕಳಿಗೆ ಆ ಗತಿ ಬಾರದಿರಲೆಂದು ಕಿತ್ತಳೆ ಮಾರಿ ಉಳಿಸಿದ ದುಡ್ಡಿನಲ್ಲಿ ಶಾಲೆ ಕಟ್ಟಿಸಿದರು. ಒಂದು ಬುಟ್ಟಿ ಕಿತ್ತಳೆಯಿಂದ ಶಾಲೆಯೇ ಎದ್ದು ನಿಲ್ಲಬಹುದಾದರೆ, ತೋಟ ಗದ್ದೆಗಳುಳ್ಳ ನಾವು ಊರಿನ ಶಾಲೆಗೆ ಒಂದು ಬುಟ್ಟಿ ಹಣ್ಣು ತಲುಪಿಸಲಾರೆವೇ?

ಶುಭದಿನಗಳಂದು ಊರಿನವರು ಶಾಲಾ ಮಕ್ಕಳಿಗೆ ವಿಶೇಷ ಆಹಾರ ನೀಡಲು ತಿಥಿ ಭೋಜನವೆಂಬ ಹೆಸರಿನಲ್ಲಿ ಬಿಸಿಯೂಟದ ಯೋಜನೆಯಲ್ಲಿಯೇ ಅವಕಾಶವಿದೆ. ಮಗುವಿನ ಹುಟ್ಟುಹಬ್ಬಕ್ಕೆ ಪೇಟೆಯಿಂದ ಕೇಕು ತರಿಸುವ ಬದಲು ಆ ದಿನ ಅದರ ಕೈಯಿಂದಲೇ ಶಾಲೆಯ ಎಲ್ಲ ಮಕ್ಕಳಿಗೂ ಕಿತ್ತಳೆಯನ್ನೋ ಬಾಳೆಹಣ್ಣನ್ನೋ ಹಂಚಿಸಬಹುದು. ಹಿರಿಯರ ಸ್ಮರಣೆಯ ದಿನದಂದು ಶಾಲೆಯ ಅಂಗಳದಲ್ಲಿ ಒಂದು ಹಣ್ಣಿನ ಗಿಡ ನೆಟ್ಟು ಮೂರು ವರ್ಷ ಸಾಕುವ ಹೊಣೆ ಹೊರಬಹುದು. ಬಸವ ಜಯಂತಿಯ ದಾಸೋಹದಲ್ಲಿ ಪಾಯಸದೊಡನೆ ಕೋಸಂಬರಿ, ಸೊಪ್ಪಿನ ಪಲ್ಯ, ಹಣ್ಣುಗಳಿಗೂ ಸ್ಥಾನವಿರಲಿ. ಮಹಿಳಾ ಮಂಡಲಗಳು ತಿಂಗಳಿಗೊಮ್ಮೆ ಸೇರಿದಾಗ ಅಜ್ಜಿಯರಿಂದ ಮರೆತುಹೋದ ಸೊಪ್ಪುಗಳ ಅಡುಗೆಯನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸವನ್ನು ಕೊಡಗಿನ ಮಕ್ಕಳು ಇಂದಿಗೂ ಕುತೂಹಲದಿಂದ ತಿನ್ನುತ್ತಾರಲ್ಲವೇ? ಸೊಪ್ಪಿಗೆ ಒಂದು ದಿನ, ಒಂದು ಹಬ್ಬ, ಒಂದು ಕಥೆ ಇದ್ದರೆ ಮಕ್ಕಳು ಅದನ್ನು ಬೇಡವೆನ್ನುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಯಲ್ಲಿ ಆರೋಗ್ಯವಂತ ಶರೀರವೇ ಮೊದಲನೆಯದು. ಕಾಯಕಕ್ಕೂ ಅದೇ ಬಂಡವಾಳ. ಅದನ್ನು ಕಟ್ಟುವ ಸಾಮಗ್ರಿ ದೂರದ ಪೇಟೆಯಲ್ಲಿಲ್ಲ, ನಮ್ಮ ಹಿತ್ತಿಲಲ್ಲಿಯೇ ಇದೆ. ಬರುವ ಋತುವಿನಲ್ಲಿ ತೋಟದ ಹಣ್ಣು ಕೊಯ್ದಾಗ ವ್ಯಾಪಾರಿಯ ಬುಟ್ಟಿ ತುಂಬುವ ಮೊದಲು ಮನೆಯ ಮಕ್ಕಳಿಗೊಂದು ಪಾಲು, ಲೈನುಮನೆಯ ಮಕ್ಕಳಿಗೊಂದು ಪಾಲು, ಊರ ಶಾಲೆಗೊಂದು ಪಾಲು ಎತ್ತಿಡುವ ಕ್ರಮವನ್ನು ಪ್ರತಿಯೊಂದು ಮನೆಯೂ ಆರಂಭಿಸಲೆಂದು ನಮ್ಮ ವಿನಮ್ರ ಪ್ರಾರ್ಥನೆ.